ಹಿತ್ತಿಲ ಹೊಸ್ತಿಲಿನ ದೀಪ

ಮೈಸೂರಿನ ಹಳೆಯ ಬಡಾವಣೆಗಳಲ್ಲೊಂದರಲ್ಲಿ, ಮುಂದೆ ಜಗಲಿಯೂ ಹಿಂದೆ ಹಿತ್ತಿಲೂ ಇನ್ನೂ ಉಳಿದುಕೊಂಡಿರುವ ಒಂದು ಮನೆಯುಂಟು. 2025ನೆಯ ಇಸವಿಯ ಆಷಾಢಮಾಸದ ಒಂದು ರಾತ್ರಿ ಆ ಮನೆಯ ಎಂಬತ್ತನಾಲ್ಕು ವರ್ಷದ ಅಜ್ಜಿಯವರು ಬಚ್ಚಲಿಗೆಂದು ಎದ್ದು ಹೋಗುತ್ತ, ಹಿತ್ತಿಲ ಹೊಸ್ತಿಲಿನಾಚೆಗಿರುವ ಮೂರು ಮೆಟ್ಟಿಲುಗಳನ್ನು ಕಾಣದೆ ಬಿದ್ದು, ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ಅಲ್ಲಿ ದೀಪವಿರಲಿಲ್ಲವೆಂದಲ್ಲ. ದೀಪವಿದ್ದಿತು, ಅದನ್ನು ಅವರೇ ಆರಿಸಿದ್ದರು.

ಪಂಡಿತರು ದೇಹಲೀದೀಪನ್ಯಾಯವೆಂದು ಒಂದನ್ನು ಹೇಳುವುದುಂಟು. ಹೊಸ್ತಿಲಿನ ಮೇಲಿಟ್ಟ ಒಂದೇ ದೀಪವು ಒಳಮನೆಯನ್ನೂ ಹೊರಗಿನ ಅಂಗಳವನ್ನೂ ಏಕಕಾಲದಲ್ಲಿ ಬೆಳಗುವಂತೆ, ವಾಕ್ಯದ ಮಧ್ಯದಲ್ಲಿರುವ ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದೆಂಬುದು ಅದರ ತಾತ್ಪರ್ಯ. ಈ ಮನೆಯ ದೀಪವೂ ಅಂತಹುದೇ. ಒಳಗಿನ ಓಣಿಗೂ ಹೊರಗಿನ ಮೆಟ್ಟಿಲಿಗೂ ಅದೊಂದೇ ಬೆಳಕು. ಒಂಬತ್ತು ವ್ಯಾಟಿನ ಎಲ್‌ಇಡಿ ಗುಂಡು. ವರ್ಷಾನುಗಟ್ಟಲೆ ರಾತ್ರಿಯೆಲ್ಲ ಉರಿಯುತ್ತಿದ್ದ ಆ ದೀಪವನ್ನು ಆ ರಾತ್ರಿ ಆರಿಸಲು ಕಾರಣವೇನು?

ವಾರದ ಹಿಂದೆ ವಿದ್ಯುಚ್ಛಕ್ತಿಯ ಬಿಲ್ಲು ಬಂದಿತ್ತು. 2023ನೆಯ ಇಸವಿಯಲ್ಲಿ ಸರಕಾರದವರು ಗೃಹಜ್ಯೋತಿ ಯೋಜನೆಯನ್ನು ಪ್ರಾರಂಭಿಸಿದಾಗ ಪ್ರತಿ ಮನೆಗೂ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡ 10ನ್ನು ಸೇರಿಸಿ, ಅಷ್ಟು ಯೂನಿಟ್ಟುಗಳನ್ನು ಉಚಿತವೆಂದು ಗೊತ್ತುಮಾಡಿದರು. ಈ ಮನೆಗೆ ಬಂದ ಪಾಲು 174. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಮಾತ್ರ ಹಣ ತೆರಬೇಕು. ಆದರೆ 200ನ್ನು ದಾಟಿದರೆ ಉಚಿತವೆಂಬುದೇ ಇಲ್ಲ. ಮೊದಲನೆಯ ಯೂನಿಟ್ಟಿನಿಂದ ಕೊನೆಯದರವರೆಗೆ ಎಲ್ಲಕ್ಕೂ ತೆರಬೇಕು. ಆ ತಿಂಗಳು ಮನೆಯವರು 212 ಯೂನಿಟ್ಟು ಬಳಸಿದ್ದರು.

2025–26ನೆಯ ಸಾಲಿಗೆ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡ 9ರ ತೆರಿಗೆ. ನೌಕರರ ಪಿಂಚಣಿಯ ಬಾಬ್ತು 36 ಪೈಸೆ. ಹೀಗೆ ಕೂಡಿ ಕೂಡಿ ಒಂದು ಯೂನಿಟ್ಟು ಸುಮಾರು 6 ರೂಪಾಯಿ 68 ಪೈಸೆಗೆ ನಿಲ್ಲುತ್ತದೆ. ಇದಲ್ಲದೆ ಮನೆಗೆ ಮಂಜೂರಾದ ಭಾರದ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿಯ ನಿಗದಿತ ಶುಲ್ಕವುಂಟು. ಮೂರು ಕಿಲೋವ್ಯಾಟಿಗೆ 435 ರೂಪಾಯಿ.  ಅಂತೂ ಅಲ್ಪಸ್ವಲ್ಪ ತೆತ್ತು ಸುಮ್ಮನಿದ್ದ ಮನೆಗೆ ಹಠಾತ್ತಾಗಿ 1,850 ರೂಪಾಯಿಯ ಬಿಲ್ಲು. ನಿವೃತ್ತ ಗುಮಾಸ್ತರಾದ ಯಜಮಾನರು ನಡುಮನೆಯಲ್ಲಿ ನಿಂತು, ಈ ಮನೆಯಲ್ಲಿ ಕರೆಂಟಿನ ಪರಿವೆ ಯಾರಿಗೂ ಇಲ್ಲವೆಂದು ಎಲ್ಲರಿಗೂ ಕೇಳುವಂತೆ ಕೂಗಾಡಿದರು. ಯಾವುದು ಎಷ್ಟು ತಿಂದಿತೆಂದು ಅವರೂ ಹೇಳಲಿಲ್ಲ, ಮತ್ತಾರೂ ಕೇಳಲಿಲ್ಲ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರು ಅವರ ತಾಯಿಯೊಬ್ಬರೇ.

ಅಜ್ಜಿಯವರ ತರ್ಕವನ್ನು ಹಾಸ್ಯಮಾಡುವುದು ಸಲ್ಲದು. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಉರಿಯಿತು. ಆದರೆ ಅವರು ಹುಟ್ಟಿದ ಹಳ್ಳಿಗೆ ಅದು ಬಂದದ್ದು ಅವರ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಬಾಲ್ಯವೆಲ್ಲ ಸೀಮೆಎಣ್ಣೆಯ ಬುಡ್ಡಿಯ ಮುಂದೆ ಕಳೆಯಿತು. ಬುಡ್ಡಿಯಲ್ಲಿ ಎಣ್ಣೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಉರಿಯುವುದೇ ಖರ್ಚು, ಆರಿಸುವುದೇ ಉಳಿತಾಯ. ಅನಂತರ ಬಂದ ಅರುವತ್ತು ವ್ಯಾಟಿನ ಬಲ್ಬಿಗೂ ಆ ನಿಯಮ ಸರಿಯಾಗಿಯೇ ಒಪ್ಪುತ್ತಿತ್ತು. ಹತ್ತು ಗಂಟೆಯ ಕಾಲ ಉರಿದರೆ ಅದು ಯೂನಿಟ್ಟಿನಲ್ಲಿ ಹತ್ತರಲ್ಲಿ ಆರು ಪಾಲನ್ನು ನುಂಗುತ್ತಿತ್ತು. ದೀಪ ಬದಲಾಯಿತು, ನಿಯಮ ಬದಲಾಗಲಿಲ್ಲ. ಬಚ್ಚಲಿನ ಗೋಡೆಯ ಮೇಲಿನ ಬಿಳಿಯ ಡಬ್ಬಿಯಾದರೋ ಉರಿಯುವುದೂ ಇಲ್ಲ, ಹೊಗೆಯಾಡುವುದೂ ಇಲ್ಲ. ಅದನ್ನು ಅನುಮಾನಿಸುವವರು ಯಾರು?

ಅಜ್ಜಿಯವರ ಶುಶ್ರೂಷೆಗೆಂದು ಲಕ್ನೋದಿಂದ ಮೊಮ್ಮಗಳು ಬಂದಳು. ಗಂಡನ ಉದ್ಯೋಗದ ನಿಮಿತ್ತ ಅಲ್ಲಿ ನೆಲಸಿರುವ ಆಕೆಯ ಮನೆಗೆ ಪೂರ್ವಪಾವತಿಯ ಮೀಟರು ಹಾಕಿದ್ದಾರೆ. ಮೊದಲು ಹಣ ಕಟ್ಟಬೇಕು. ಬಳಸಿದಂತೆಲ್ಲ ಅದು ಕರಗುತ್ತದೆ. ತೀರಿದರೆ ಸರಬರಾಜು ನಿಲ್ಲುತ್ತದೆ. ಹೀಗೆ ಮುಂಚಿತವಾಗಿ ಕಟ್ಟುವವರಿಗೆ ಆ ಪ್ರಾಂತದಲ್ಲಿ ದರದ ಮೇಲೆ ಶೇಕಡ 2ರ ರಿಯಾಯಿತಿ. ಯಜಮಾನರಿಗೆ ಇದನ್ನು ಕೇಳಿ ಬಹಳ ಕುತೂಹಲವಾಯಿತು. ನಮ್ಮಲ್ಲಿಯೂ ಮುಂಗಡ ಕಟ್ಟಿದರೆ ಬಿಲ್ಲು ಇಳಿಯಬಹುದಲ್ಲ ಎಂದರು.

“ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕಿ ನೋಡಿ ಅಪ್ಪ” ಎಂದಳು ಮಗಳು.

ಲೆಕ್ಕ ಹಾಕಿದರು. 1,800 ರೂಪಾಯಿಗೆ ಶೇಕಡ 2 ಎಂದರೆ 36 ರೂಪಾಯಿ. ಕರ್ನಾಟಕದ ದರಪಟ್ಟಿಯಲ್ಲಿ ಸಾವಿರ ರೂಪಾಯಿಗೆ ಮೀರಿದ ಮುಂಗಡಕ್ಕೆ ಗೊತ್ತುಮಾಡಿರುವ ಪ್ರೋತ್ಸಾಹವಾದರೋ ಶೇಕಡ ಕಾಲು. ಸಾವಿರಕ್ಕೆ ಎರಡೂವರೆ ರೂಪಾಯಿ! ಗುಮಾಸ್ತಿಕೆ ಮಾಡಿದವರಾದುದರಿಂದ ಅವರು ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು.

ಈ ರಿಯಾಯಿತಿಯನ್ನು ಔದಾರ್ಯವೆಂದು ಭಾವಿಸುವುದು ತಪ್ಪು. ಬಳಸಿದ ಮೇಲೆ ತೆರುವವನು ಭದ್ರತಾ ಠೇವಣಿಯೆಂದು ಒಂದು ಮೊಬಲಗನ್ನು ಮೊದಲೇ ಕಟ್ಟಿರುತ್ತಾನೆ. 2003ನೆಯ ಇಸವಿಯ ವಿದ್ಯುಚ್ಛಕ್ತಿ ಅಧಿನಿಯಮದ 47ನೆಯ ಪ್ರಕರಣದಂತೆ ಅದಕ್ಕೆ ಬಡ್ಡಿ ಕೊಡತಕ್ಕದ್ದು. ಪೂರ್ವಪಾವತಿಯ ಮೀಟರಿಗೆ ಒಪ್ಪಿದವನಿಂದ ಠೇವಣಿಯನ್ನು ಕೇಳತಕ್ಕದ್ದಲ್ಲ. ಮುಂಗಡ ತೆರುವವನ ಹಣ ಕೆಲವು ದಿನ ಮಾರುವವರ ಕೈಯಲ್ಲಿರುತ್ತದೆ. ಬಾಕಿ ವಸೂಲಿಯ ತೊಂದರೆಯೂ ಅವರಿಗೆ ತಪ್ಪುತ್ತದೆ. ರಿಯಾಯಿತಿಯು ಇವೆರಡಕ್ಕೂ ಸಲ್ಲುವ ಬೆಲೆ, ಅಷ್ಟೆ. ಧರ್ಮಶಾಸ್ತ್ರಕಾರರು ಗೃಹಸ್ಥರನ್ನು ಅವರ ಸಂಗ್ರಹಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ: ಕಣಜ ತುಂಬಿದವನು ಕುಸೂಲಧಾನ್ಯ, ಗಡಿಗೆಯಷ್ಟೇ ಇರುವವನು ಕುಂಭೀಧಾನ್ಯ, ನಾಳೆಗೆ ಏನೂ ಇಲ್ಲದವನು ಅಶ್ವಸ್ತನಿಕ. ಪೂರ್ವಪಾವತಿಯ ಮೀಟರು ಎಲ್ಲರನ್ನೂ ಕುಂಭೀಧಾನ್ಯರನ್ನಾಗಿ ಮಾಡುತ್ತದೆ. ಗಡಿಗೆಯಲ್ಲಿ ಕೈಯಾಡಿಸಿ ನೋಡಿ ಅಡಿಗೆಗಿಡುವವನಿಗೆ ಇದು ಒಳ್ಳೆಯದೇ. ಅಂದಂದಿನ ಕೂಲಿಯನ್ನು ಅಂದಂದೇ ಉಣ್ಣುವ ಮನೆಯಲ್ಲಿ ಮಗು ಜ್ವರದಿಂದ ಮಲಗಿರುವಾಗ ಹಣ ತೀರಿ ಫ್ಯಾನು ನಿಂತರೆ, ಶೇಕಡ 2ರಿಂದ ಯಾವ ಸಮಾಧಾನ?

ಇರಲಿ. ಲಕ್ನೋದ ಮೀಟರಿನಿಂದ ಮೊಮ್ಮಗಳಿಗೆ ದೊರೆತ ನಿಜವಾದ ಲಾಭ ಬೇರೆ. ಅಲ್ಲಿ ಉಳಿದ ಹಣವೆಷ್ಟೆಂಬುದು ಮೊಬೈಲಿನಲ್ಲಿ ದಿನವೂ ಕಾಣುವುದರಿಂದ, ನಿನ್ನೆಗೂ ಇಂದಿಗೂ ವ್ಯತ್ಯಾಸವೇಕೆಂದು ಆಕೆ ಕೇಳಿಕೊಳ್ಳುವುದನ್ನು ಕಲಿತಿದ್ದಳು. ತಿಂಗಳಿಗೊಮ್ಮೆ ಬರುವ ಬಿಲ್ಲು ಮೂವತ್ತು ದಿನಗಳನ್ನು ಒಂದೇ ಮೂಟೆಯಾಗಿ ಕಟ್ಟಿಬಿಡುತ್ತದೆ. ಮೂಟೆಯನ್ನು ಬಿಚ್ಚಿ ನೋಡಲು ಮೈಸೂರಿನ ಮನೆಯ ಮೀಟರೂ ಸಾಕೆಂದು ಆಕೆಗೆ ತೋರಿತು.

ಆ ಮೀಟರಿನ ಮೇಲೆ ಸಾಸಿವೆಕಾಳಿನಷ್ಟು ಕೆಂಪು ಬೆಳಕೊಂದು ಮಿಣುಕುತ್ತಿರುತ್ತದೆ. ಯೂನಿಟ್ಟಿಗೆ 3,200 ಮಿಣುಕೆಂದು ಅದರ ಮೇಲೆಯೇ ಬರೆದಿದೆ. ಒಂದು ಸಂಜೆ ಆಕೆ ಅಜ್ಜಿಯವರನ್ನು ಜಗಲಿಯ ಕುರ್ಚಿಯಲ್ಲಿ ಅದಕ್ಕೆದುರಾಗಿ ಕೂರಿಸಿ, ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಹಿತ್ತಿಲ ಹೊಸ್ತಿಲಿನ ದೀಪವೊಂದನ್ನೇ ಹಾಕಿದಳು.

“ನೋಡ್ತಾ ಇರು ಅಜ್ಜಿ. ಮಿಣುಕಿದರೆ ಹೇಳು.”

ಅಜ್ಜಿಯವರು ನೋಡಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಕೆಟ್ಟುಹೋಗಿದೆಯೇನೋ ಎಂದರು. ಎರಡು ನಿಮಿಷ ಕಳೆದ ಮೇಲೆ ಒಂದು ಸಾರಿ ಮಿಣುಕಿತು. ಅನಂತರ ಮೊಮ್ಮಗಳು ಒಳಗೆ ಹೋಗಿ ಗೀಸರನ್ನು ಹಾಕಿದಳು. ಎರಡು ಕಿಲೋವ್ಯಾಟಿನ ಗೀಸರು. ಕೆಂಪು ಬೆಳಕು ಸೆಕೆಂಡಿಗೆ ಎರಡು ಸಾರಿ ಎಂಬಂತೆ, ಎದೆ ಹೊಡೆದುಕೊಳ್ಳುವುದಕ್ಕಿಂತ ವೇಗವಾಗಿ ಹೊಡೆದುಕೊಳ್ಳತೊಡಗಿತು.

ಅಜ್ಜಿಯವರು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡು, “ಆ ಒಂದು ಮಿಣುಕಿಗೋಸ್ಕರವೇನೇ ನಾನು ಕೈ ಮುರಿಕೊಂಡದ್ದು?” ಎಂದರು. ಯಜಮಾನರು ಬಾಗಿಲಲ್ಲಿ ನಿಂತಿದ್ದವರು ಒಳಕ್ಕೆ ಹೋದರು.

ಕಿಲೋವ್ಯಾಟ್ ಗಂಟೆಯೆಂದರೆ ಅಜ್ಜಿಯವರಿಗೆ ತಿಳಿಯದು, ಸೇರು ತಿಳಿಯುತ್ತದೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಯೂನಿಟ್ಟೆಂಬುದು ಒಂದು ಸೇರೆಂದು ಇಟ್ಟುಕೋ ಎಂದು ಮೊಮ್ಮಗಳು ಅಳೆದು ತೋರಿಸಿದಳು. ಹೊಸ್ತಿಲಿನ ದೀಪ ರಾತ್ರಿ ಹತ್ತು ಗಂಟೆಯ ಕಾಲ ಉರಿದರೆ ಒಂದೂವರೆ ಚಟಾಕು. ಗೀಸರಿನಲ್ಲಿ ಹದಿನೈದು ಲೀಟರು ನೀರನ್ನು ಹದಿನೆಂಟು ಇಪ್ಪತ್ತು ನಿಮಿಷ ಕಾಯಿಸಿ, ತಣ್ಣೀರು ಬೆರೆಸಿ ಎರಡು ಬಕೆಟ್ಟು ಮಾಡಿಕೊಂಡರೆ ಎರಡೂವರೆ ಪಾವು; ನಾಲ್ಕು ರೂಪಾಯಿ. ಐದು ಜನ ಹಾಗೆ ಸ್ನಾನಮಾಡಿದರೆ ದಿನಕ್ಕೆ ಮೂರು ಸೇರು, ತಿಂಗಳಿಗೆ ತೊಂಬತ್ತು. ದೀಪದ ತಿಂಗಳ ಖರ್ಚೆಲ್ಲ ಸೇರಿ ಮೂರು ಸೇರೂ ಇಲ್ಲ, ಹದಿನೆಂಟು ರೂಪಾಯಿ. 212ನ್ನು 200ಕ್ಕೆ ಇಳಿಸಬೇಕಾದರೆ ಅಂತಹ ನಾಲ್ಕು ದೀಪಗಳನ್ನು ಆರಿಸಿದರೂ ಸಾಲದು. ಲಕ್ನೋದ ರಿಯಾಯಿತಿಯ 36 ರೂಪಾಯಿಯೋ, ಈ ಮನೆಯವರ ಎರಡು ದಿನದ ಸ್ನಾನಕ್ಕೇ ಸಾಲದು.

ಮೊಮ್ಮಗಳು ಹೊರಡುವ ಮುನ್ನ ಎರಡು ಏರ್ಪಾಡು ಮಾಡಿದಳು. ಅಜ್ಜಿಯವರನ್ನುಳಿದು ಮಿಕ್ಕವರಿಗೆ ಎರಡರ ಬದಲು ಒಂದೇ ಬಕೆಟ್ಟು. ಮಂಜೂರಾದ ಭಾರವನ್ನು ಮೂರರಿಂದ ಎರಡು ಕಿಲೋವ್ಯಾಟಿಗೆ ಇಳಿಸುವುದಕ್ಕೆ ಅರ್ಜಿ. 200ನ್ನು ದಾಟಿದ ತಿಂಗಳಲ್ಲಿ ಅದೊಂದರಿಂದಲೇ 145 ರೂಪಾಯಿಯ ಉಳಿತಾಯ. ಆದರೆ ಎರಡು ಕಿಲೋವ್ಯಾಟೆಂದರೆ ಗೀಸರೊಂದೇ ಅಷ್ಟನ್ನೂ ನುಂಗುತ್ತದೆಯಾದುದರಿಂದ, ಅದು ಸಾಧುವೇ ಅಲ್ಲವೇ ಎಂಬ ಚರ್ಚೆ ಮುಗಿಯದೆ ಅರ್ಜಿ ಇನ್ನೂ ಮೇಜಿನ ಮೇಲೆಯೇ ಇದೆ.

ಮುಂದಿನ ಬಿಲ್ಲು 181 ಯೂನಿಟ್ಟಿಗೆ ಬಂದಿತು. ಏಳು ಯೂನಿಟ್ಟಿನ ಹಣ ತೆತ್ತರು. ಅಜ್ಜಿಯವರ ಕೈ ಕೂಡಿಕೊಂಡಿದೆ, ಆದರೆ ಚಳಿ ಹೆಚ್ಚಿದ ದಿನ ನೋಯುತ್ತದೆ. ಬೆಳಗಿನ ಜಾವ ಅವರು ಜಗಲಿಗೆ ಬಂದು ಮೀಟರಿನ ಎದುರು ಕುಳಿತುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದಾರೆ. ಕೆಂಪು ಬೆಳಕು ಬಿರುಸಾಗಿ ಹೊಡೆದುಕೊಳ್ಳತೊಡಗಿದರೆ, ಬಚ್ಚಲಿನಲ್ಲಿರುವ ಮೊಮ್ಮಗನಿಗೆ ಕೇಳುವಂತೆ, “ಎಷ್ಟು ಪಾವಾಯಿತೋ?” ಎಂದು ಕೂಗುತ್ತಾರೆ. ಹಿತ್ತಿಲ ಹೊಸ್ತಿಲಿನ ದೀಪ ಆಗ ಇನ್ನೂ ಉರಿಯುತ್ತಿರುತ್ತದೆ.