ಗಡಿಯಂಚಿನ ಗೃಹಸ್ಥ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಡುವ ರೈಲು ನೇತ್ರಾವತಿಯ ಸೇತುವೆಯನ್ನು ದಾಟಿದ ಮೇಲೆ ಕೇರಳವು ಎಲ್ಲಿ ಆರಂಭವಾಯಿತೆಂಬುದು ಕಿಟಕಿಯ ಹೊರಗಿನ ನೋಟದಿಂದ ತಿಳಿಯುವಂತಿಲ್ಲ. ಅದೇ ತೆಂಗು, ಅದೇ ಕೆಮ್ಮಣ್ಣು, ಅದೇ ಹಂಚಿನ ಮಾಡುಗಳು. ಮಂಜೇಶ್ವರದ ನಿಲ್ದಾಣದಲ್ಲಿ ಮಲಯಾಳದ ಅಕ್ಷರಗಳನ್ನು ಕಂಡಾಗಲೇ ಪ್ರಯಾಣಿಕನಿಗೆ ರಾಜ್ಯ ಬದಲಾಯಿತೆಂಬ ಅರಿವು ಮೂಡುವುದು. ಮಂಜೇಶ್ವರವೆಂದರೆ ಗೋವಿಂದ ಪೈಗಳ ಊರು. ಅವರ ಮನೆಯನ್ನು ನೋಡಲೆಂದು ಇಲ್ಲಿ ಇಳಿಯುವವರು ಅನೇಕರುಂಟು. ಇನ್ನೂ ಸ್ವಲ್ಪ ಮುಂದುವರಿದು ಕುಂಬಳೆಯಲ್ಲಿ ಇಳಿದು, ಒಳನಾಡಿನ ಬದಿಯಡ್ಕಕ್ಕೆ ಹೋಗುವವರು ಕಡಮೆ. ಗೋವಿಂದ ಪೈಗಳ ಜೀವನಚರಿತ್ರೆಯನ್ನು ಬರೆದ ಕವಿಯು ತನ್ನ ಬಾಳಿನ ಬಹುಭಾಗವನ್ನು ಕಳೆದದ್ದು ಆ ಪುಟ್ಟ ಪೇಟೆಯಲ್ಲಿ.

ಕುಂಬಳೆಯು ಯಕ್ಷಗಾನದ ಪಾರ್ತಿಸುಬ್ಬನ ಊರು. ಅಲ್ಲಿಂದ ಪೂರ್ವಕ್ಕೆ ಸಾಗುವ ಬಸ್ಸಿನಲ್ಲಿ ನಿರ್ವಾಹಕನು ಮಲಯಾಳದಲ್ಲಿ ಚೀಟಿ ಕೇಳುತ್ತಾನೆ. ಮುಂದಿನ ಆಸನದ ಅಜ್ಜಿ ತುಳುವಿನಲ್ಲಿ ಉತ್ತರ ಕೊಡುತ್ತಾಳೆ. ಹಿಂದೆ ಇಬ್ಬರು ಹವ್ಯಕ ಕನ್ನಡದಲ್ಲಿ ಅಡಕೆಯ ಧಾರಣೆಯನ್ನು ಚರ್ಚಿಸುತ್ತಾರೆ. ಯಾರಿಗೂ ಇದೊಂದು ಸೋಜಿಗವಾಗಿ ತೋರುವುದಿಲ್ಲ. ಬೆಂಗಳೂರಿನಿಂದ ಬಂದವನಿಗೆ ಮಾತ್ರ ಇದು ಸೋಜಿಗ.

ಸೀತಾಂಗೋಳಿಯನ್ನು ದಾಟಿದರೆ ನೀರ್ಚಾಲು. ದಾರಿಯುದ್ದಕ್ಕೂ ಮುರಕಲ್ಲಿನ ಬೋಳುಗುಡ್ಡಗಳು. ಆದರೆ ಗುಡ್ಡದ ಬುಡಕ್ಕೆ ಇಳಿದರೆ ತಂಪಾದ ಅಡಕೆ ತೋಟಗಳು. ಬಂಡೆಯಂಥ ಗುಡ್ಡದಲ್ಲಿ ನೀರೆಲ್ಲಿಂದ ಬಂತೆಂದು ಕೇಳಿದರೆ ಇಲ್ಲಿಯವರು ಸುರಂಗವನ್ನು ತೋರಿಸುತ್ತಾರೆ. ಬಾವಿಯಂತೆ ಕೆಳಕ್ಕಲ್ಲ, ಗುಡ್ಡದ ಪಕ್ಕೆಯಿಂದ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದ ದಾರಿ ಅದು. ಒಳಗೆ ಜಿನುಗುವ ನೀರು ಯಂತ್ರದ ಹಂಗಿಲ್ಲದೆ ತಾನಾಗಿ ಹರಿದುಬಂದು ಹೊರಗಿನ ಕೆರೆಯಲ್ಲಿ ನಿಲ್ಲುತ್ತದೆ. ಒಂದು ಸಣ್ಣ ದೀಪದ ಬೆಳಕಿನಲ್ಲಿ ತಿಂಗಳುಗಟ್ಟಲೆ ಕಲ್ಲು ಕಡಿದವರ ತಾಳ್ಮೆಯನ್ನು ನೆನೆದರೆ, ನಮ್ಮ ನಗರಗಳಲ್ಲಿ ಕೊಳಾಯಿ ತಿರುಗಿಸುವ ಕೈಗಳಿಗೆ ನಾಚಿಕೆಯಾಗಬೇಕು.

ಇಂಥ ಮಣ್ಣಿನವರು ಕಯ್ಯಾರ ಕಿಞ್ಞಣ್ಣ ರೈಗಳು. ಅವರ ಹೆಸರನ್ನು ಕುರಿತು ಒಂದು ಮಾತು ಹೇಳಬೇಕು. ಶಾಲೆಯ ಮಕ್ಕಳು ವರ್ಣಮಾಲೆಯಲ್ಲಿ ‘ಞ’ ಅಕ್ಷರವನ್ನು ಕಲಿತು ಮರುದಿನವೇ ಮರೆಯುತ್ತಾರೆ. ಅದನ್ನು ಬಳಸುವ ಸಂದರ್ಭವೇ ಅವರಿಗೆ ಒದಗುವುದಿಲ್ಲ. ಆ ಅನಾಥ ಅಕ್ಷರಕ್ಕೆ ಕನ್ನಡದಲ್ಲಿ ಗೌರವದ ಸ್ಥಾನ ದೊರೆತದ್ದು ಈ ಒಂದು ಹೆಸರಿನಿಂದಲೇ ಎಂದರೂ ಸಲ್ಲುತ್ತದೆ. ತುಳುವಿನಲ್ಲಿ ಕಿಞ್ಞ ಎಂದರೆ ಸಣ್ಣದು. ಈ ‘ಸಣ್ಣಣ್ಣ’ 1915ರ ಜೂನ್ 8ರಂದು ಹುಟ್ಟಿ, ನೂರು ವರ್ಷ ತುಂಬಿದ ಮೇಲೆ ಎರಡು ತಿಂಗಳು ಬಾಳಿದರು.

ಅವರ ಹುಟ್ಟೂರು ಉಪ್ಪಳದ ಪೂರ್ವಕ್ಕಿರುವ ಕಯ್ಯಾರು, ಮನೆಮಾತು ತುಳು. ಸಂಸ್ಕೃತವನ್ನು ಕಲಿತದ್ದು ನೀರ್ಚಾಲಿನಲ್ಲಿ. ಸ್ವಾತಂತ್ರ್ಯದ ಹೋರಾಟ ತರುಣರನ್ನು ಕರೆದಾಗ ಅವರೂ ಓಗೊಟ್ಟರು. ಅನಂತರ ಬದಿಯಡ್ಕದ ಪಕ್ಕದ ಪೆರಡಾಲದಲ್ಲಿ, ನವಜೀವನ ಪ್ರೌಢಶಾಲೆಯ ಉಪಾಧ್ಯಾಯರಾಗಿ ನೆಲೆನಿಂತರು. ಬೆಳಗ್ಗೆ ತೋಟ, ಹಗಲು ಶಾಲೆ, ರಾತ್ರಿ ಬರವಣಿಗೆ, ಇವುಗಳ ನಡುವೆ ಎಂಟು ಮಕ್ಕಳ ಸಂಸಾರ: ಆರು ಗಂಡು, ಎರಡು ಹೆಣ್ಣು. ಉಪಾಧ್ಯಾಯರ ಸಂಬಳದ ಆ ಕಾಲದಲ್ಲಿ ಎಂಟು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡುವುದೆಂದರೇನೆಂಬುದು ಅನುಭವಿಸಿದ ತಾಯಿತಂದೆಗಳಿಗೇ ಗೊತ್ತು. ಮುಂದೆ ಆತ್ಮಕಥೆ ಬರೆದಾಗ ಅದಕ್ಕೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ಬೇರೆಯವರ ಲೇಖನಿಯಿಂದ ಬಂದಿದ್ದರೆ ಅಲಂಕಾರವೆನಿಸಬಹುದಾಗಿದ್ದ ಈ ಮಾತು ಇಲ್ಲಿ ಕೇವಲ ದಿನಚರಿ.

ಮಕ್ಕಳೆಂದರೆ ಅವರಿಗೆ ಮನೆಯ ಎಂಟು ಮಂದಿ ಮಾತ್ರವಲ್ಲ. ಶಾಲೆಯ ಮಕ್ಕಳಿಗಾಗಿ ‘ನವೋದಯ ವಾಚನ ಮಾಲೆ’ಯನ್ನು ರಚಿಸಿದರು. 1969ರಲ್ಲಿ ಉತ್ತಮ ಶಿಕ್ಷಕರೆಂದು ರಾಷ್ಟ್ರಪ್ರಶಸ್ತಿ ಬಂದಿತು. ಊರವರು ಅವರನ್ನು ಬದಿಯಡ್ಕ ಪಂಚಾಯತಿಯ ಅಧ್ಯಕ್ಷರನ್ನಾಗಿಯೂ ಆರಿಸಿದ್ದರು. ಒಂದು ಕವನಸಂಕಲನಕ್ಕೆ ಅವರು ಕೊಟ್ಟ ಹೆಸರು ‘ಕೊರಗ’. ಕರಾವಳಿಯಲ್ಲಿ ಊರಿನ ಅತ್ಯಂತ ಹೊರಗೆ ನಿಲ್ಲಿಸಲ್ಪಟ್ಟಿದ್ದ ಜನದ ಹೆಸರು ಅದು. ಅದನ್ನು ಪುಸ್ತಕದ ಮುಖಪುಟದ ಮೇಲೆ ತಂದು ನಿಲ್ಲಿಸಿದರು. ಅವರ ಕರುಣೆ ಎಂಥದೆಂಬುದಕ್ಕೆ ನನಗೆ ಈ ಒಂದು ನಿದರ್ಶನ ಸಾಕು.

ಆದರೆ ಹೊರನಾಡಿನವರಿಗೆ ಈ ಸಾತ್ವಿಕ ಗೃಹಸ್ಥರ ಪರಿಚಯವಾದದ್ದು ಸಿಟ್ಟಿನ ಕವಿಯಾಗಿ. ಕಾಸರಗೋಡು ತಾಲ್ಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂದಾಗ, ಈ ತಾಲ್ಲೂಕು ಮಾತ್ರ ಕೇರಳಕ್ಕೆ ಹೋಯಿತು. ಮನೆಗೆ ಬೆಂಕಿ ಬಿದ್ದಾಗ ಗೃಹಸ್ಥನು ಕೂಗುವಂತೆ ರೈಗಳು ಕೂಗಿದ ಆ ಕವನವು ಕನ್ನಡನಾಡಿನಾದ್ಯಂತ ಸಭೆಗಳಲ್ಲಿ ಮೊಳಗಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಹೇಳಿತು. ಬದಿಯಡ್ಕ ಇರುವುದು ಆ ಭಾಗದಲ್ಲಿಯೇ. ವರದಿ ಕಡತದಲ್ಲಿಯೇ ಉಳಿಯಿತು.

ಇಂಥ ನಿರಾಶೆಯ ಮುಂದೆ ಅನೇಕರು ಊರು ಬಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಹೋಗಿ, ಅಲ್ಲಿ ಸಭೆಗಳಲ್ಲಿ ಗಡಿನಾಡಿನ ಬಗ್ಗೆ ಭಾಷಣ ಮಾಡುತ್ತಾರೆ. ರೈಗಳು ಹೋಗಲಿಲ್ಲ. ಕರ್ನಾಟಕದಲ್ಲಿ ಅವರಿಗೆ ಮನ್ನಣೆಗೆ ಕೊರತೆಯಿರಲಿಲ್ಲ. 1997ರಲ್ಲಿ ಮಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೂ ಸಮ್ಮೇಳನ ಮುಗಿದ ಮೇಲೆ ಅವರಿಗೆ ಮನೆಯೆಂದರೆ ಬದಿಯಡ್ಕದ ‘ಕವಿತಾ ಕುಟೀರ’ವೇ. ಹೋರಾಡಿದ ನೆಲವನ್ನು ಸೋತ ಮೇಲೂ ಬಿಡದೆ, ಅಲ್ಲಿಯೇ ಅಡಕೆ ಬೆಳೆದು, ಅಲ್ಲಿಯ ಮಕ್ಕಳಿಗೆ ಪಾಠ ಹೇಳಿ, ಐವತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಕೇರಳದ ಪ್ರಜೆಯಾಗಿ ಬಾಳುವುದು ಕವನ ಬರೆಯುವುದಕ್ಕಿಂತ ಕಠಿಣವಾದ ಕೆಲಸವೆಂದು ನನ್ನ ನಂಬಿಕೆ.

ಇನ್ನೊಂದು ಸಂಗತಿಯನ್ನು ನಮ್ಮ ಆವೇಶದ ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ರಾಜ್ಯದ ಪ್ರಶ್ನೆಯಲ್ಲಿ ಕೇರಳದೊಡನೆ ಇಷ್ಟು ಜಗಳವಾಡಿದ ಇದೇ ಮನುಷ್ಯ, ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಿಸಿದರು. ಮನೆಮಾತು ತುಳುವಿನಲ್ಲಿಯೂ ಕವನಗಳನ್ನು ಬರೆದರು. ಬೇಲಿಯ ಜಗಳ ನ್ಯಾಯಸ್ಥಾನದಲ್ಲಿರುವಾಗಲೂ ನೆರೆಮನೆಯ ಮದುವೆಗೆ ಹೋಗಿ ಕೈಬಾಯಿ ತೊಳೆದು ಊಟಕ್ಕೆ ಕೂರುವ ಹಳೆಯ ಕಾಲದ ಯಜಮಾನರನ್ನು ಕಂಡವರಿಗೆ ಇದರಲ್ಲಿ ವಿರೋಧ ಕಾಣಿಸದು.

ಬದಿಯಡ್ಕದ ಪೇಟೆಯಲ್ಲಿ ಈಗ ಎರಡೂ ಲಿಪಿಗಳ ಫಲಕಗಳು ಪಕ್ಕಪಕ್ಕದಲ್ಲಿವೆ. ಪೆರಡಾಲದ ಕಡೆಗೆ ನಡೆದರೆ ಅಂಗಳಗಳಲ್ಲಿ ಒಣಗುವ ಅಡಕೆಯ ವಾಸನೆ ಬರುತ್ತದೆ. ಸಿಪ್ಪೆಸಹಿತ ನಲವತ್ತು ದಿನ ಬಿಸಿಲಿಗೆ ಹರಡಿದ ಮೇಲೆಯೇ ಅದು ಚಾಲಿಯಾಗುವುದು. ನೋಡಬೇಕೆಂದಿರುವವರು ಮಳೆ ಕಳೆದ ಮೇಲೆ ಬರುವುದು ಒಳ್ಳೆಯದು.

ರೈಗಳು ತೀರಿಕೊಂಡದ್ದು ಮಳೆಗಾಲದಲ್ಲಿಯೇ, 2015ರ ಆಗಸ್ಟ್ 9ರಂದು, ತಮ್ಮ ಮನೆಯಲ್ಲಿ. ಪತ್ನಿ ಮೊದಲೇ ಹೋಗಿದ್ದರು. ತುಳುವರ ಲೆಕ್ಕದಲ್ಲಿ ಅದು ಆಟಿ ತಿಂಗಳು. ಸುರಂಗಗಳೆಲ್ಲ ತುಂಬಿ ಹರಿಯುವ ಕಾಲ. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಕೊಳೆರೋಗ ತಗಲದಂತೆ ಅಡಕೆಯ ಗೊನೆಗಳಿಗೆ ಮದ್ದು ಬಿಡಲು ಜನ ಮರವೇರುತ್ತಾರೆ.