ಬೆಟ್ಟ ಹತ್ತುವ ಕಾಲಿಗೆ ವೀಲ್‌ಚೇರ್

ಪ್ರತಿ ಶುಕ್ರವಾರ ಬೆಳಗ್ಗೆ ಐದೂವರೆಗೆ ನಾನು ಚಾಮುಂಡಿ ಬೆಟ್ಟದ ಪಾದದಲ್ಲಿರುತ್ತೇನೆ. ಸಾವಿರ ಮೆಟ್ಟಿಲು. ದೊಡ್ಡ ನಂದಿಯ ಹತ್ತಿರ ಎರಡು ಗುಟುಕು ನೀರು ಕುಡಿದು, ಮತ್ತೆ ಹತ್ತಿ, ತಾಯಿಗೆ ಕೈಮುಗಿದು, ಬಸ್ಸಿನಲ್ಲಿ ಇಳಿದು ಬರುತ್ತೇನೆ. ವಯಸ್ಸು 63. ಜಂಬಕ್ಕೆ ಹೇಳುತ್ತಿಲ್ಲ. ಯಾಕೆ ಹೇಳಿದೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತೆ.

ಹೋದ ಜನವರಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಶಿಕಾಗೊಗೆ ಹೊರಟೆ. ಹಿಂದೆ ಒಂದು ಸಲ ಯಜಮಾನರ ಜೊತೆ ಹೋಗಿದ್ದೆ. ಆಗ ನನಗೇನೂ ಕಷ್ಟ ಅನ್ನಿಸಿರಲಿಲ್ಲ. ಪಾಸ್‌ಪೋರ್ಟ್, ಟಿಕೆಟ್ಟು, ಗೇಟು ಎಲ್ಲ ಅವರೇ ನೋಡಿಕೊಂಡಿದ್ದರು. ನಾನು ಅವರ ಶರಟಿನ ಬೆನ್ನು ನೋಡಿಕೊಂಡು ನಡೆದಿದ್ದೆ. ಈ ಸಲ ಆ ಬೆನ್ನು ಇರಲಿಲ್ಲ. ಬೆಂಗಳೂರಿನಿಂದ ಜರ್ಮನಿಗೆ ಸುಮಾರು ಹತ್ತು ಗಂಟೆ, ಅಲ್ಲಿ ವಿಮಾನ ಬದಲಾಯಿಸಬೇಕು, ಅಲ್ಲಿಂದ ಶಿಕಾಗೊಗೆ ಮತ್ತೆ ಒಂಬತ್ತು ಗಂಟೆ ಮೇಲೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಇಂಗ್ಲಿಷ್ ಓದುತ್ತೇನೆ. ಆದರೆ ಅವರು ಮಾತಾಡಿದರೆ ಅರ್ಧ ಕಿವಿಗೇ ಬೀಳುವುದಿಲ್ಲ.

"ಅಮ್ಮ, ನೀನೇನೂ ಯೋಚನೆ ಮಾಡಬೇಡ. ವೀಲ್‌ಚೇರ್ ಹಾಕಿಸಿದ್ದೀನಿ" ಅಂದಳು ಮಗಳು ಫೋನಿನಲ್ಲಿ.

"ನನಗ್ಯಾಕೆ ವೀಲ್‌ಚೇರ್? ಕಾಲು ಚೆನ್ನಾಗಿದೆಯಲ್ಲೇ."

"ಎಲ್ಲರೂ ಹಾಗೇ ಮಾಡೋದು. ನೀನು ಸುಮ್ಮನೆ ಕೂತಿರು, ಅವರೇ ಗೇಟಿನವರೆಗೆ ತಳ್ಳಿಕೊಂಡು ಹೋಗ್ತಾರೆ. ದಾರಿ ಕೇಳೋ ತಾಪತ್ರಯ ಇಲ್ಲ."

ನಾನು ಒಪ್ಪಿಕೊಂಡೆ. ಒಳಗೊಳಗೇ ನೆಮ್ಮದಿಯೂ ಆಯಿತು.

ಹೊರಡುವ ಮುಂಚಿನ ವಾರವೆಲ್ಲ ತೂಕದ ಲೆಕ್ಕ. ತಲಾ 23 ಕೆಜಿಯ ಎರಡು ಪೆಟ್ಟಿಗೆ. ಒಣ ಕೊಬ್ಬರಿ ಗಿಟುಕು ಬೇಡ, ಅದರಲ್ಲಿ ಎಣ್ಣೆ ಅಂಶ ಇರೋದರಿಂದ ವಿಮಾನದಲ್ಲಿ ಬಿಡೋದಿಲ್ಲ. ಹಸಿ ಕರಿಬೇವು ಬೇಡವೇ ಬೇಡ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತೆ ಅಂತ ಅಮೆರಿಕದವರು ಕಿತ್ತು ಬಿಸಾಡುತ್ತಾರೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಕೈಚೀಲದಲ್ಲಿ ಬೇಡ; ಅಲ್ಲಿಗೆ ಹೋಗುವ ವಿಮಾನದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೀತಾರೆ. ಹೀಗೆ ಮಗಳ ಪಟ್ಟಿ. ಅಂಟಿನುಂಡೆಗೆ ಕೊಬ್ಬರಿ ತುರಿದು ಹಾಕಿ, ಉಂಡೆ ಕಟ್ಟಿ ಡಬ್ಬಿ ತುಂಬಿದೆ.

ಬೆಂಗಳೂರಿನ ಎರಡನೇ ಟರ್ಮಿನಲ್ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳಿಂದ ನೋಡಲು ಚೆಂದ. ಆದರೆ ದೇವನಹಳ್ಳಿಯ ಜನವರಿ ಮಂಜು ಗೊತ್ತಲ್ಲ. ನಡುರಾತ್ರಿ ಕಳೆದು ಹೊರಡಬೇಕಾದ ವಿಮಾನ ರನ್‌ವೇ ಕಾಣದೆ ನಿಂತೇ ಇತ್ತು. ಹೊರಟಾಗ ಒಂದೂಮುಕ್ಕಾಲು ಗಂಟೆ ತಡ. ಜರ್ಮನಿಯಲ್ಲಿ ಎರಡೂಮುಕ್ಕಾಲು ಗಂಟೆ ಇದ್ದ ಬಿಡುವು ಒಂದು ಗಂಟೆಗೆ ಇಳಿಯಿತು.

ನನ್ನದು ನಡುವಿನ ಸೀಟು. ಕಿಟಕಿ ಕಡೆ ಒಬ್ಬ ಹುಡುಗ, ಕಿವಿಗೆ ಹೆಡ್‌ಫೋನ್ ಹಾಕಿ ಮಲಗಿದವನು ಜರ್ಮನಿ ಬರುವವರೆಗೂ ಏಳಲಿಲ್ಲ. ಓಡಾಡುವ ದಾರಿಯ ಕಡೆ ಗದಗಿನ ಒಬ್ಬ ಅಮ್ಮ, ನನಗಿಂತ ಏಳೆಂಟು ವರ್ಷ ದೊಡ್ಡವರು. ಮೊಣಕಾಲಿನ ಆಪರೇಷನ್ ಆಗಿತ್ತು, ಸರಿಹೋಗಿರಲಿಲ್ಲ. ಎಡಗಾಲನ್ನು ದಾರಿಗೆ ಚಾಚಿ ಕೂತಿದ್ದರು. ಊಟದ ಗಾಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಆ ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳಬೇಕು. ಎದುರಿನವರು ಸೀಟು ಹಿಂದಕ್ಕೆ ವಾಲಿಸಿದಾಗ ಅವರ ಮುಖ ಹಿಂಡಿದ ಹಾಗಾಯಿತು, ಬಾಯಿ ಬಿಡಲಿಲ್ಲ. ಅವರೂ ಶಿಕಾಗೊಗೇ. ಮಗನ ಮನೆಗೆ, ಮೊದಲ ಸಲ.

"ನಿಮಗೂ ಮೊಣಕಾಲ ತ್ರಾಸ ಏನ್ರಿ ಅಕ್ಕಾರ?" ಅಂತ ಕೇಳಿದರು. ನನ್ನನ್ನೂ ವೀಲ್‌ಚೇರಿನಲ್ಲಿ ಕರೆತಂದದ್ದನ್ನು ನೋಡಿದ್ದರು.

"ಹೂಂ... ಸ್ವಲ್ಪ" ಅಂದುಬಿಟ್ಟೆ. ಬಾಯಿಗೆ ಬಂದದ್ದು ಅಷ್ಟು ಸುಲಭವಾಗಿ ಬಂತು.

ತಣ್ಣಗಿನ ಬನ್ನು, ಉಪ್ಪಿಲ್ಲದ ಉಪ್ಪಿಟ್ಟಿನಂಥದ್ದು ಏನೋ ಕೊಟ್ಟರು. ಅವರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಶೇಂಗಾ ಹೋಳಿಗೆ ತೆಗೆದರು. "ತಗೋರಿ. ಮಗಾಗ ಅಂತ ಮಾಡೀನಿ, ನೀವು ಎರಡ ತಿಂದ್ರ ಏನೂ ಕಡಿಮಿ ಆಗಂಗಿಲ್ಲ." ಎರಡು ತಿಂದೆ. ಎದುರಿನ ಪರದೆಯಲ್ಲಿ ಪುಟಾಣಿ ವಿಮಾನ ಇರುವೆಯಂತೆ ಹರಿದಾಡುತ್ತಿತ್ತು. ನಾವಿಬ್ಬರೂ ಸೊಸೆ, ಅಳಿಯ, ಬಿಪಿ ಮಾತ್ರೆ ಅಂತ ಮಾತಾಡುತ್ತಾ ರಾತ್ರಿ ಕಳೆದೆವು.

ಜರ್ಮನಿಯಲ್ಲಿ ಎಲ್ಲರೂ ಇಳಿದ ಮೇಲೆ ವೀಲ್‌ಚೇರಿನವರು ಬಾಗಿಲ ಹೊರಗೆ ಗುಂಪಾಗಿ ನಿಂತೆವು. ಎಣಿಸಿದೆ, ಹದಿನಾಲ್ಕು ಜನ. ಬಂದಿದ್ದು ಐದು ಕುರ್ಚಿ. ಉಳಿದವು ಬರುತ್ತಿವೆ ಅಂದರು. ಸಮವಸ್ತ್ರದ ಹುಡುಗಿ ಕಾಗದ ಹಿಡಿದು ಹೆಸರು ಓದುತ್ತಾ ಹೋದಳು. ಐದನೆಯದು ನನ್ನ ಹೆಸರು.

ಗದಗಿನ ಅಮ್ಮ ಗೋಡೆಗೆ ಕೈ ಊರಿ ನಿಂತಿದ್ದರು. ಕಾಲು ನಡುಗುತ್ತಿದ್ದುದು ಸೀರೆಯ ನೆರಿಗೆಯಲ್ಲೇ ಕಾಣುತ್ತಿತ್ತು. "ನೀವು ಕೂತ್ಕೊಳ್ಳಿ, ನಾನು ನಡೀತೀನಿ" ಅನ್ನಬೇಕಿತ್ತು. ಅಷ್ಟೇ ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದ್ದರೆ ಆ ದೊಡ್ಡ ನಿಲ್ದಾಣದಲ್ಲಿ ಗೇಟು ನಾನೇ ಹುಡುಕಬೇಕು. ಉಳಿದದ್ದು ಐವತ್ತು ನಿಮಿಷ. ತುಂಬು ಬಸುರಿ ಮಗಳು ಕಾಯುತ್ತಿದ್ದಾಳೆ. ಇನ್ನೊಂದು ಕುರ್ಚಿ ಹೇಗೂ ಬರುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ.

"ಹೋಗ್ರಿ ಅಕ್ಕಾರ, ಹೋಗ್ರಿ. ನನಗೂ ತರ್ತಾರ. ವಿಮಾನದಾಗ ಭೆಟ್ಟಿ ಆಗೂಣು" ಅಂದರು ಅವರೇ.

ನಾನು ಕೂತೆ. ಹುಡುಗ ತಳ್ಳಿಕೊಂಡು ಹೊರಟ. ತಿರುವಿನಲ್ಲಿ ತಿರುಗಿ ನೋಡಿದೆ, ಗೋಡೆ ಹಿಡಿದೇ ನಿಂತಿದ್ದರು.

ಶಿಕಾಗೊ ವಿಮಾನದಲ್ಲಿ ನನ್ನ ಸೀಟು ಹಿಂದಿನ ಸಾಲಿನಲ್ಲಿತ್ತು. ಬರುವವರೆಲ್ಲರ ಮುಖ ನೋಡುತ್ತಾ ಕೂತೆ. ಬಾಗಿಲು ಹಾಕಿದರು. ಅವರು ಬರಲಿಲ್ಲ. ಒಂಬತ್ತು ಗಂಟೆ ನಿದ್ದೆಯೂ ಹತ್ತಲಿಲ್ಲ, ಊಟವೂ ಸೇರಲಿಲ್ಲ. ತಿಂದ ಹೋಳಿಗೆಯೇ ಗಂಟಲಲ್ಲಿ ನಿಂತ ಹಾಗೆ.

ಶಿಕಾಗೊದಲ್ಲಿ ಹೊರಗೆ ಬಂದಾಗ ಅಳಿಯ ಕಾದಿದ್ದರು. ನಾವು ಕನ್ನಡ ಮಾತಾಡುವುದನ್ನು ಕೇಳಿ ಪಕ್ಕದಲ್ಲಿದ್ದ ಒಬ್ಬ ಹುಡುಗ ಹತ್ತಿರ ಬಂದ. ಕೈಯಲ್ಲಿ ದಪ್ಪನೆಯ ಕೋಟು ಇತ್ತು, ಹೆಂಗಸರದ್ದು. "ನಮ್ಮವ್ವನೂ ಇದ ವಿಮಾನದಾಗ ಬರಬೇಕಿತ್ರಿ. ವೀಲ್‌ಚೇರ್‌ನ್ಯಾಗ ಇರ್ತಾಳ. ನೋಡೀರೇನ್ರಿ?"

ಜರ್ಮನಿಯವರೆಗೆ ಜೊತೆಗೇ ಬಂದರು, ಅಲ್ಲಿ ತಡವಾಯಿತು ಅಂತ ಹೇಳಿದೆ. ಅಳಿಯ ಅವನ ಜೊತೆ ನಿಂತು ವಿಮಾನದವರಿಗೆ ಫೋನ್ ಮಾಡಿದರು. ಮರುದಿನದ ವಿಮಾನಕ್ಕೆ ಸೀಟು ಹಾಕಿದ್ದಾರಂತೆ. ಜರ್ಮನಿಯ ವೀಸಾ ಇಲ್ಲದ್ದರಿಂದ ಹೊರಗಿನ ಹೋಟೆಲಿಗೆ ಹೋಗುವಂತಿಲ್ಲ, ರಾತ್ರಿ ಒಳಗೇ ಇರಬೇಕು. ಅವನು ಆ ಕೋಟನ್ನು ಎದೆಗೆ ಅವುಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತ.

ಮೂರು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಕ್ಷಮೆ ಕೇಳೋಣ ಅಂತ. ನಂಬರನ್ನು ಅಳಿಯ ಅವನಿಂದ ತೆಗೆದುಕೊಂಡಿದ್ದರು. ರಾತ್ರಿಯೆಲ್ಲ ಕುರ್ಚಿ ಮೇಲೇ ಕೂತಿದ್ದರಂತೆ. ಬಿಪಿ ಮಾತ್ರೆ ದೊಡ್ಡ ಪೆಟ್ಟಿಗೆಯೊಳಗೆ ಸೇರಿತ್ತು. ಕಾಲು ಬಾತು ಚಪ್ಪಲಿ ಹಿಡಿಸದೆ ಬರಿಗಾಲಲ್ಲೇ ಇಳಿದರಂತೆ. ಇಷ್ಟನ್ನೂ ನಗುತ್ತಲೇ ಹೇಳಿದರು. ನಾನು "ನನ್ನಿಂದ ತಪ್ಪಾಯಿತು" ಅಂದೆ.

"ಅಯ್ಯ, ಅದನ್ಯಾಕ ಮನಸಿಗೆ ಹಚ್ಚಿಕೋತೀರಿ? ನಿಮಗೂ ಕಾಲ ನೋವು, ನನಗೂ ಕಾಲ ನೋವು. ಕುರ್ಚಿ ಐದ ಇದ್ದವು. ಯಾರರೆ ಹಿಂದ ಉಳೀಲೇಬೇಕಲ್ರಿ."

ಆಗಲೂ ನಾನು ಬೆಟ್ಟ ಹತ್ತುವ ವಿಷಯ ಹೇಳಲಿಲ್ಲ. ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿರುವುದು ಅದಕ್ಕೇ.

ಆಮೇಲೆ ಒಂದು ದಿನ ಅಳಿಯನನ್ನು ಕೇಳಿದೆ, ನಿಜವಾಗಿ ನಡೆಯಲಾಗದವರಿಗೂ ನನ್ನಂಥವರಿಗೂ ವಿಮಾನದವರ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲವೇ ಅಂತ. ಇದೆ ಅಂದರು. ದೂರ ನಡೆಯಲಾಗದವರಿಗೆ ಒಂದು ಗುರುತು, ಮೆಟ್ಟಿಲೂ ಹತ್ತಲಾಗದವರಿಗೆ ಇನ್ನೊಂದು, ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕಾದವರಿಗೆ ಮೂರನೆಯದು. ಟಿಕೆಟ್ ಮಾಡುವಾಗ ನಮ್ಮ ಮಕ್ಕಳು ಮೊದಲನೆಯದಕ್ಕೆ ಟಿಕ್ ಹಾಕುತ್ತಾರೆ. ಗದಗಿನ ಅಮ್ಮನ ಮಗನೂ ಅದಕ್ಕೇ ಹಾಕಿದ್ದನಂತೆ. ಕಾಗದದ ಮೇಲೆ ನಾವಿಬ್ಬರೂ ಒಂದೇ ಆಗಿಬಿಟ್ಟೆವು. ಭಾಷೆ ಬಾರದವರಿಗೆ, ಒಂಟಿ ಹಿರಿಯರಿಗೆ ಜೊತೆಗೆ ಒಬ್ಬರನ್ನು ಕಳಿಸುವ 'ಮೀಟ್ ಅಂಡ್ ಅಸಿಸ್ಟ್' ಅನ್ನುವ ಬೇರೆಯೇ ವ್ಯವಸ್ಥೆ ಕೆಲವು ವಿಮಾನಗಳಲ್ಲಿ ಇದೆಯಂತೆ. ಕುರ್ಚಿ ಇಲ್ಲ, ಬರೀ ದಾರಿ ತೋರಿಸುವುದು. ನನಗೆ ಬೇಕಿದ್ದದ್ದು ಅದು.

ಮೊಮ್ಮಗಳಿಗೆ ಐದು ತಿಂಗಳು ತುಂಬಿದ ಮೇಲೆ ವಾಪಸ್ ಹೊರಟೆ. "ವೀಲ್‌ಚೇರ್ ತೆಗೆಸು" ಅಂದೆ. ಮಗಳು ಜಗಳವಾಡಿದಳು. "ಕಳೆದುಹೋದ್ರೆ?" "ಹೋದರೆ ಹೋಗ್ತೀನಿ, ಕೇಳ್ಕೊಂಡು ಬರ್ತೀನಿ" ಅಂದೆ. ದಾರಿ ತೋರಿಸುವವರನ್ನು ಕೇಳಿದ್ದೆವು, ಆದರೆ ಜರ್ಮನಿಯಲ್ಲಿ ಯಾರೂ ಬಂದಿರಲಿಲ್ಲ. ಎದೆ ಢವಢವ. ಬೋರ್ಡಿನಲ್ಲಿ ನನ್ನ ವಿಮಾನದ ನಂಬರ್ ಹುಡುಕಿ, ಗೇಟಿನ ಅಕ್ಷರವನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಒಂದು ಕಡೆ ತಪ್ಪು ಮೆಟ್ಟಿಲು ಇಳಿದೆ. ನೆಲ ಒರೆಸುತ್ತಿದ್ದ ಹೆಂಗಸಿಗೆ ಅಂಗೈ ತೋರಿಸಿದೆ. ಅವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಕೈಹಿಡಿದು ಲಿಫ್ಟಿನವರೆಗೆ ಬಿಟ್ಟುಹೋದಳು. ತಪಾಸಣೆಯಲ್ಲಿ ಮಗಳು ಕೊಟ್ಟಿದ್ದ ದೊಡ್ಡ ಲೋಷನ್ ಡಬ್ಬಿ 100 ಮಿಲಿ ಮೀರಿದೆ ಅಂತ ಎತ್ತಿಟ್ಟರು. ಹೋಗಲಿ. ಗೇಟು ತಲುಪಿದಾಗ ಗಡಿಯಾರ ನೋಡಿದೆ. ಅರ್ಧ ಗಂಟೆಯ ನಡಿಗೆ, ಅಷ್ಟೇ. ನಮ್ಮ ಬೆಟ್ಟದ ದಾರಿಯಲ್ಲಿ ನಂದಿಯನ್ನೂ ಮುಟ್ಟುವುದಿಲ್ಲ.

ಗೇಟಿನ ಬಳಿ ಸಾಲಾಗಿ ವೀಲ್‌ಚೇರ್‌ಗಳು ಬಂದು ನಿಂತವು. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನಾನು ಹೇಳಲಾರೆ. ನೋವು ಹೊರಗೆ ಕಾಣಲೇಬೇಕು ಅಂತೇನಿಲ್ಲ. ನನ್ನ ಕಾಲಿನ ಲೆಕ್ಕ ಮಾತ್ರ ನನಗೆ ಗೊತ್ತು.

ಗದಗಿನ ಅಮ್ಮನಿಗೆ ಈ ಬರಹವನ್ನು ಕಳಿಸುತ್ತಿದ್ದೇನೆ. ಓದಿದ ಮೇಲೆ ಏನನ್ನುತ್ತಾರೋ ಗೊತ್ತಿಲ್ಲ.