ನಾಯಕನ ಪಕ್ಕದಲ್ಲಿ ನಿಂತವರು

ನಿಮ್ಮ ಮೆಚ್ಚಿನ ನಟ ಯಾರು ಎಂದು ಕೇಳಿದವರಿಗೆಲ್ಲ ನಾನು ಟಿ.ಎನ್. ಬಾಲಕೃಷ್ಣ ಎನ್ನುತ್ತೇನೆ. ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. "ಬಾಲಣ್ಣ ಒಳ್ಳೇ ನಟರೇ, ಇಲ್ಲ ಅನ್ನಲ್ಲ. ಆದ್ರೆ ಹೀರೋಗಳಲ್ಲಿ ಯಾರಿಷ್ಟ ಹೇಳಿ" ಎಂದು ಮತ್ತೆ ಕೇಳುತ್ತಾರೆ. ಹೀರೋಗಳೂ ಇಷ್ಟವೇ. ರಾಜ್‌ಕುಮಾರ್ ಪರದೆಗೆ ಬಂದರೆ ನನಗೂ ಮೈ ನವಿರೇಳುತ್ತದೆ. ಆದರೆ ಎಷ್ಟೋ ಸಿನಿಮಾಗಳನ್ನು ನಾನು ಮತ್ತೆ ಮತ್ತೆ ನೋಡುವುದು ಹೀರೋನ ಪಕ್ಕದಲ್ಲಿ ನಿಂತವರಿಗಾಗಿ. ಅಪ್ಪ, ಅಕ್ಕ, ಮೇಷ್ಟ್ರು, ಆಳು, ಸಾಹುಕಾರ, ಪೂಜಾರಿ, ಗುಮಾಸ್ತ: ಕಥೆ ನಡೆಯುವ ಊರು ಇವರಿಂದಲೇ ಊರಾಗುತ್ತದೆ. ಹೀರೋ ಒಬ್ಬನೇ ಇದ್ದರೆ ಅದು ಬರೀ ಸೆಟ್ಟು.

ನಮ್ಮ ಮನೆಯಲ್ಲಿ ಈ ಕಲಾವಿದರಿಗೆ ಅವರ ನಿಜವಾದ ಹೆಸರುಗಳೇ ಇರಲಿಲ್ಲ. ಕೆ.ಎಸ್. ಅಶ್ವಥ್ ಯಾವ ಚಿತ್ರದಲ್ಲಿ ಬಂದರೂ ಅಮ್ಮನಿಗೆ ಅವರು "ಮೇಷ್ಟ್ರು". ಲೋಕನಾಥ್ "ಉಪ್ಪಿನಕಾಯಿ". ವಜ್ರಮುನಿ ಬಂದರೆ "ಬಂದ ನೋಡು, ಇನ್ನು ಆ ಹುಡುಗೀಗೆ ಉಳಿಗಾಲವಿಲ್ಲ" ಎನ್ನುವಳು. ನಾಯಕರಿಗೆ ಬಿರುದು ಕೊಡಲು ಸಂಘಗಳಿವೆ, ಸರ್ಕಾರವಿದೆ. ಇವರಿಗೆ ಹೆಸರಿಟ್ಟದ್ದು ಮನೆಮನೆಯ ಹೆಂಗಸರು. ಅದು ಕಡಿಮೆ ಮರ್ಯಾದೆಯಲ್ಲ.

ಬಾಲಕೃಷ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ, 1911ರಲ್ಲಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ, ಅವರ ಮಾತು ಎಲ್ಲಿ ಮುಗಿಯುತ್ತದೆ ಎಂದು ತಿಳಿದು, ತಮ್ಮ ಮಾತನ್ನು ಎತ್ತಿಕೊಳ್ಳುತ್ತಿದ್ದರು. ನಟನೆಯಲ್ಲಿ ಇದೆಂಥ ಕಷ್ಟ ಎಂದು ನಾಟಕ ಮಾಡಿದವರಿಗೆ ಗೊತ್ತು. ಎದುರಿನವನ ಕೊನೆಯ ಪದ ಕಿವಿಗೆ ಬಿದ್ದಾಗ ನಮ್ಮ ಮಾತು ತಾನಾಗಿ ನಾಲಗೆಗೆ ಬರುತ್ತದೆ. ಆ ಆಸರೆಯೇ ಇಲ್ಲದ ಮನುಷ್ಯ ನೂರಾರು ಚಿತ್ರಗಳಲ್ಲಿ ಒಮ್ಮೆಯೂ ತಡವರಿಸಿದಂತೆ ಕಾಣುವುದಿಲ್ಲ. ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಪರದೆಯ ಮೇಲೆ ಇನ್ನೊಬ್ಬರ ಮಾತನ್ನು ಬಾಲಕೃಷ್ಣರಷ್ಟು ಚೆನ್ನಾಗಿ ಕೇಳಿಸಿಕೊಂಡವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಎದುರಿನವರ ಮುಖದಿಂದ ಅವರ ಕಣ್ಣು ಕದಲುವುದೇ ಇಲ್ಲ. ಹುಬ್ಬು ಏರುತ್ತದೆ, ತುಟಿಯ ಒಂದು ಕೊನೆ ಕೊಂಕುತ್ತದೆ, ಅವರು ಬಾಯಿ ತೆರೆಯುವ ಮೊದಲೇ ಆ ಪಾತ್ರ ಏನು ಲೆಕ್ಕ ಹಾಕುತ್ತಿದೆ ಎಂದು ನಮಗೆ ತಿಳಿದುಹೋಗುತ್ತದೆ. ಬದುಕಲು ಮಾಡಿಕೊಂಡ ಉಪಾಯವೇ ಅವರ ಕಲೆಯಾಯಿತು ಎಂದು ನನ್ನ ನಂಬಿಕೆ.

'ಬಂಗಾರದ ಮನುಷ್ಯ'ದಲ್ಲಿ ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಾಗಿ ಅವರನ್ನು ನೋಡಿ. ಕುತಂತ್ರಿಯ ಪಾತ್ರದಲ್ಲಿ ಚುಚ್ಚುವ ಅದೇ ಕಣ್ಣು ಅಲ್ಲಿ ಸ್ನೇಹದಿಂದ ತುಂಬಿರುತ್ತದೆ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಚಿತ್ರ ಮಾಡಿದವರಲ್ಲಿ ಬಾಲಕೃಷ್ಣರೂ ಒಬ್ಬರು. ಆಗ ನಮ್ಮ ಸಿನಿಮಾದ ಕೆಲಸ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲೇ ನಡೆಯುತ್ತಿತ್ತು. ಕನ್ನಡಕ್ಕೆ ಬೆಂಗಳೂರಿನಲ್ಲೊಂದು ಸ್ಟುಡಿಯೋ ಬೇಕೆಂದು ಹಟ ಹಿಡಿದು ಅಭಿಮಾನ್ ಸ್ಟುಡಿಯೋ ಕಟ್ಟಿದವರೂ ಅವರೇ. ಪೋಷಕ ಪಾತ್ರಗಳ ನಟನೊಬ್ಬ ತನ್ನ ದುಡಿಮೆಯನ್ನು ಸುರಿದು ಇಡೀ ಉದ್ಯಮಕ್ಕೆ ಒಂದು ನೆಲೆ ಮಾಡಲು ಹೊರಟ ಕಥೆ ಅದು. ಅದನ್ನು ನೆನೆದಾಗಲೆಲ್ಲ ಆ ಹಿರಿಯರ ಮೇಲೆ ನನಗೆ ಗೌರವ ಉಕ್ಕುತ್ತದೆ.

ಹಳೆಯ ಚಿತ್ರಗಳು ಈ ಕಲಾವಿದರಿಗೆ ಒದಗಿಬರಲು ಕಾರಣಗಳಿವೆ. ಕಚ್ಚಾ ಫಿಲಂ ದುಬಾರಿ. ಒಂದೊಂದು ಅಡಿಗೂ ಲೆಕ್ಕ. ಹಾಗಾಗಿ ನಾಲ್ಕೈದು ಜನರನ್ನು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿ, ಕ್ಯಾಮೆರಾವನ್ನು ಬಹಳ ಹೊತ್ತು ಕದಲಿಸದೆ ದೃಶ್ಯ ತೆಗೆಯುತ್ತಿದ್ದರು. ನಾಯಕ ಮಾತಾಡುವಾಗ ಉಳಿದವರೂ ಕಾಣುತ್ತಲೇ ಇರುತ್ತಿದ್ದರು, ಮಾತಿಲ್ಲದ ಹೊತ್ತಿನಲ್ಲೂ ನಟಿಸುತ್ತಲೇ ಇರಬೇಕಿತ್ತು. ಹೆಚ್ಚಿನವರು ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲಿ ಪಳಗಿ ಬಂದವರು. ರಂಗದ ಮೇಲೆ ಸುಮ್ಮನೆ ನಿಲ್ಲುವುದನ್ನು ಕಲಿಯಲು ವರ್ಷಗಳು ಬೇಕು ಎಂಬುದು ಅವರಿಗೆ ತಿಳಿದಿತ್ತು.

ಆ ಪಳಗಿದ ಕೈಗಳೆಲ್ಲ ಒಟ್ಟಿಗೆ ಸೇರಿದ್ದು 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ. ಪೌರಾಣಿಕ ಚಿತ್ರಗಳಲ್ಲಿ ನನಗೆ ಇದಕ್ಕಿಂತ ಮೇಲಿನದಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ. ಆದರೆ ನನ್ನ ಕಣ್ಣು ಸಾಲ ವಸೂಲಿಗೆ ಬೆನ್ನು ಬಿದ್ದ ನಕ್ಷತ್ರಿಕನ ಮೇಲೆ. ನರಸಿಂಹರಾಜು ಅವರ ನಕ್ಷತ್ರಿಕ ಕಾಡುತ್ತಾನೆ, ಪೀಡಿಸುತ್ತಾನೆ, ನಗಿಸುತ್ತಾನೆ. ಎಲ್ಲವನ್ನೂ ಕಳೆದುಕೊಂಡ ರಾಜನ ದುಃಖ ಎದುರಿಗಿರುವಾಗ ನಗಿಸುವುದು ಕತ್ತಿಯ ಅಲುಗಿನ ಮೇಲಿನ ನಡಿಗೆ. ಸ್ವಲ್ಪ ಹೆಚ್ಚಾದರೆ ದುಃಖ ಹಗುರಾಗುತ್ತದೆ, ಸ್ವಲ್ಪ ಕಡಿಮೆಯಾದರೆ ಚಿತ್ರ ಉಸಿರುಗಟ್ಟುತ್ತದೆ. ನರಸಿಂಹರಾಜು ಎಲ್ಲೂ ತಪ್ಪುವುದಿಲ್ಲ. ಆಮೇಲೆ ಸ್ಮಶಾನದಲ್ಲಿ ಎಂ.ಪಿ. ಶಂಕರ್ ಅವರ ವೀರಬಾಹು ಬರುತ್ತಾನೆ. ಘಂಟಸಾಲ ಅವರ ಕಂಠದಲ್ಲಿ ಅವನು ಹಾಡುವ ಹಾಡು ಹುಟ್ಟಿನ ಮೇಲುಕೀಳನ್ನು ಪ್ರಶ್ನಿಸುವುದರಲ್ಲಿ ಇಡೀ ಚಿತ್ರಕ್ಕಿಂತ ಮುಂದೆ ಹೋಗುತ್ತದೆ. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಕಪ್ಪು ಬಿಳುಪಿನದೇ ಪ್ರೀತಿ. ಸ್ಮಶಾನದ ದೃಶ್ಯಕ್ಕೆ ಬಣ್ಣ ಬೇಕಿಲ್ಲ.

ಅಂದಹಾಗೆ ನರಸಿಂಹರಾಜು ತಿಪಟೂರಿನವರು, ಬಾಲಕೃಷ್ಣರ ಅರಸೀಕೆರೆಗೆ ಅಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರ. ಇಂದಿನ ಪೋಷಕ ನಟರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆಯಾದ ಅಚ್ಯುತ್ ಕುಮಾರ್ ಕೂಡ ತಿಪಟೂರಿನವರೇ. ಆ ತೆಂಗಿನ ಸೀಮೆಯ ನೀರಿನಲ್ಲೇ ಏನೋ ಇದೆ ಎನ್ನಿಸುತ್ತದೆ.

ಅಶ್ವಥ್ ಅವರ ವಿಷಯಕ್ಕೆ ಬರುತ್ತೇನೆ. 1972ರ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು ಎಂದರೆ ಆದರ್ಶ ಗುರು ಎಂದು ಎಲ್ಲರೂ ಹೇಳುತ್ತಾರೆ. ನಾನು ಆ ಪಾತ್ರವನ್ನು ಹಾಗೆ ನೋಡುವುದಿಲ್ಲ. ಮಕ್ಕಳಿಲ್ಲದ ಮೇಷ್ಟ್ರಿಗೆ ಶಿಷ್ಯ ರಾಮಾಚಾರಿಯ ಮೇಲೆ ಹೊಟ್ಟೆಯ ಮಗನ ಪ್ರೀತಿ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದು ಅವನನ್ನು ಒಪ್ಪಿಸುವವರೂ ಅವರೇ. ಮುಂದೆ ಅಲಮೇಲು ಯಾವ ಗತಿಗೆ ಬಂದಳು ಎಂದು ತಿಳಿದಾಗ ಇಡೀ ಕಥೆ ತಿರುಗಿ ಮೇಷ್ಟ್ರ ಎದುರಿಗೆ ನಿಲ್ಲುತ್ತದೆ. ಪ್ರೀತಿಯಿಂದಲೇ ಹೇಳಿದ ಮಾತು ಇಬ್ಬರ ಬಾಳನ್ನು ಮುರಿದಿದೆ. ಅಶ್ವಥ್ ಆ ಪ್ರೀತಿಯನ್ನೂ ಬಚ್ಚಿಡುವುದಿಲ್ಲ, ಆ ತಪ್ಪನ್ನೂ ಬಚ್ಚಿಡುವುದಿಲ್ಲ. ಸಂಪ್ರದಾಯ ಬಿಡಲಾಗದ, ಶಿಷ್ಯನನ್ನೂ ಬಿಡಲಾಗದ ಒಬ್ಬ ಸಜ್ಜನನ ಸಂಕಟ ಅವರ ದನಿಯ ನಡುಕದಲ್ಲಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಇಳಿಸಿದ ಪುಟ್ಟಣ್ಣ ಕಣಗಾಲ್ ಅವರಿಗೆ ಕೋಪದ ರಾಮಾಚಾರಿಯಾಗಿ ವಿಷ್ಣುವರ್ಧನ್ ಸಿಕ್ಕಿದ್ದು ಭಾಗ್ಯ. ಆ ಕೋಪಕ್ಕೆ ಡಿಕ್ಕಿ ಹೊಡೆಯಲು ಒಂದು ಗೋಡೆ ಬೇಕಿತ್ತು, ಅಶ್ವಥ್ ಆ ಗೋಡೆಯಾದರು. ಗೋಡೆಗೂ ನೋವಾಗುತ್ತದೆ ಎಂದು ತೋರಿಸಿದರು.

1955ರಲ್ಲಿ 'ಸ್ತ್ರೀರತ್ನ'ದಿಂದ ಶುರುವಾದ ಅವರ ಪಯಣದಲ್ಲಿ ಹೆಚ್ಚಿನದೆಲ್ಲ ಅಪ್ಪ, ಅಣ್ಣ, ಹಿರಿಯರ ಪಾತ್ರಗಳೇ. ರಾಜ್‌ಕುಮಾರರಿಗಿಂತ ಅವರು ನಾಲ್ಕೇ ವರ್ಷ ದೊಡ್ಡವರು. ಆದರೂ ಪರದೆಯ ಮೇಲೆ ಒಂದು ತಲೆಮಾರಿನ ಅಂತರವಿದೆ ಎಂದು ನಾವು ನಂಬಿದೆವು. ಇದನ್ನು ನೆನೆದಾಗ ನನಗೆ ಜಪಾನಿನ ನಟ ಚಿಶು ರ್‍ಯು ನೆನಪಾಗುತ್ತಾರೆ. ನಿರ್ದೇಶಕ ಓಜು 1953ರಲ್ಲಿ ಮಾಡಿದ 'ಟೋಕಿಯೋ ಸ್ಟೋರಿ'ಯಲ್ಲಿ ಮಕ್ಕಳ ಮನೆಗೆ ಬಂದು ಎಲ್ಲೂ ಸಲ್ಲದ ಮುದಿ ತಂದೆಯಾದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಬೆನ್ನು ಬಾಗಿಸುವ, ಮಾತಿಗೆ ಮೊದಲು ಒಂದು ಹೂಂಕಾರ ಹಾಕುವ ಅವರ ರೀತಿ ನೋಡಿದರೆ ಮೈಸೂರಿನ ಯಾವುದೋ ಅಗ್ರಹಾರದ ನಿವೃತ್ತ ಹೆಡ್‌ಮಾಸ್ತರರನ್ನು ನೋಡಿದಂತಾಗುತ್ತದೆ. ಮುಪ್ಪನ್ನು ನಟಿಸುವುದು ಬಿಳಿ ಕೂದಲಿನ ಕೆಲಸವಲ್ಲ ಎಂದು ಇವರಿಬ್ಬರೂ ಬೇರೆ ಬೇರೆ ನೆಲದಲ್ಲಿ ಕಂಡುಕೊಂಡಿದ್ದರು.

ಹೆಣ್ಣುಮಕ್ಕಳಿಗೆ ಚಿತ್ರರಂಗ ಇನ್ನೂ ಕಠಿಣವಾಗಿತ್ತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅವರ ತಾಯಿಯಾದರು. ನಾಯಕ ನಾಯಕನಾಗಿಯೇ ಉಳಿದ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಆದರೆ ಆ ಅನ್ಯಾಯದೊಳಗೂ ಪಂಡರಿಬಾಯಿ ತಾಯಿಯ ಪಾತ್ರವನ್ನು ಗೋಳಿಗೆ ಬಿಟ್ಟುಕೊಡಲಿಲ್ಲ. ಕಣ್ಣೀರು ರೆಪ್ಪೆಯವರೆಗೆ ಬಂದು ನಿಲ್ಲುತ್ತದೆ, ಮಾತು ಮೆಲ್ಲಗಾಗುತ್ತದೆ. ಅಳುವ ಕೆಲಸವನ್ನು ಅವರು ನಮಗೆ ಬಿಡುತ್ತಾರೆ.

ಲೋಕನಾಥ್ ಅವರ ಬಗ್ಗೆ ಎಲ್ಲರಿಗೂ ನೆನಪಿರುವುದು 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯ. ಬಾಯಿ ಚಪಲಕ್ಕಿರುವ ಆನಂದ, ನಾಚಿಕೆ, ಆತುರ ಎಲ್ಲ ಆ ಮುಖದಲ್ಲಿತ್ತು. ಚಿತ್ರಮಂದಿರದ ಬಾಯಲ್ಲೆಲ್ಲ ನೀರು. ಅಷ್ಟಕ್ಕೇ ಅವರನ್ನು ಕಟ್ಟಿಹಾಕಬಾರದು. ಶಂಕರ್ ನಾಗ್ ನಿರ್ದೇಶಿಸಿದ 'ಮಿಂಚಿನ ಓಟ'ದಲ್ಲಿ ಶಂಕರ್ ಮತ್ತು ಅವರ ಅಣ್ಣನ ಜೊತೆ ಕಾರು ಕದಿಯುವ ಮೂರನೆಯವರು ಲೋಕನಾಥ್. ಇಬ್ಬರು ಹುರಿಯಾಳು ಯುವಕರ ನಡುವೆ ಒಬ್ಬ ವಯಸ್ಸಾದ ಕಳ್ಳ. ಆ ಚಿತ್ರದ ವೇಗಕ್ಕೆ ಮನುಷ್ಯರ ಬಿಸುಪು ಬಂದದ್ದು ಅವರಿಂದ.

ನನಗೆ ಇಷ್ಟವಿಲ್ಲದ್ದನ್ನೂ ಹೇಳಿಬಿಡುತ್ತೇನೆ. ನಾಯಕ ಕಾರಿನಿಂದ ಇಳಿಯುವುದನ್ನು ಮೊದಲು ಬೂಟು, ಆಮೇಲೆ ಕೈ, ಆಮೇಲೆ ಬೆನ್ನು ಎಂದು ನಿಧಾನಗತಿಯಲ್ಲಿ ತೋರಿಸುವ ಚಿತ್ರಗಳಲ್ಲಿ ನನಗೆ ಮನಸ್ಸು ನಿಲ್ಲುವುದಿಲ್ಲ. ಅವನ ಸುತ್ತ ಇರುವವರಿಗೆ ಅಲ್ಲಿ ಅವನನ್ನು ಹೊಗಳುವುದು ಅಥವಾ ಅವನಿಂದ ಹೊಡೆಸಿಕೊಳ್ಳುವುದು, ಇವೆರಡೇ ಕೆಲಸ. ಅಂಥ ಚಿತ್ರದಲ್ಲಿ ಊರೇ ಇರುವುದಿಲ್ಲ. ನಾಯಕನಿಗೂ ಅದರಿಂದ ನಷ್ಟವೇ. 'ಸಂಪತ್ತಿಗೆ ಸವಾಲ್'ನಲ್ಲಿ ವಜ್ರಮುನಿಯ ಸಾಹುಕಾರ ಸಿದ್ದಪ್ಪ ಅಷ್ಟು ಗಟ್ಟಿಯಾಗಿ ನಿಂತಿದ್ದರಿಂದಲೇ ರಾಜ್‌ಕುಮಾರರ ಭದ್ರ ಅಷ್ಟು ಎತ್ತರಕ್ಕೆ ಏರಿದ.

ಇಂದಿನ ಚಿತ್ರಗಳಲ್ಲೂ ನನ್ನ ರುಚಿಗೆ ತಕ್ಕವು ಸಿಗುತ್ತವೆ. 2013ರ 'ಲೂಸಿಯಾ'ದಲ್ಲಿ ಅಚ್ಯುತ್ ಕುಮಾರ್ ಮುಚ್ಚುವ ಅಂಚಿಗೆ ಬಂದ ಹಳೆಯ ಚಿತ್ರಮಂದಿರವೊಂದರ ಮಾಲೀಕ ಶಂಕ್ರಣ್ಣ. ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನ ಮೇಲಿನ ಅಕ್ಕರೆ, ಟಾಕೀಸು ಕೈತಪ್ಪುತ್ತದೆಂಬ ಭಯ, ಇವೆರಡನ್ನೂ ಅವರು ದನಿ ಏರಿಸದೆ ಹಿಡಿದಿಟ್ಟಿದ್ದಾರೆ. ಒಂಬತ್ತು ವರ್ಷಗಳ ನಂತರ 'ಕಾಂತಾರ'ದಲ್ಲಿ ಅದೇ ಮೆಲುದನಿಯ ಸೌಜನ್ಯ ಒಡೆಯನೊಬ್ಬನ ವಿಷವಾಯಿತು. ರಾಮ್ ರೆಡ್ಡಿ ಅವರ 'ತಿಥಿ'ಯಂತೂ ಪಕ್ಕದವರದೇ ಚಿತ್ರ. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿಗರನ್ನೇ ಇಟ್ಟುಕೊಂಡು ಮಾಡಿದ ಈ ಚಿತ್ರ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಶತಾಯುಷಿ ಅಪ್ಪ ಸತ್ತರೂ ಗಡ್ಡಪ್ಪ ಏನೂ ಆಗದವನಂತೆ ಹೊಲದ ದಾರಿ ಹಿಡಿದು ನಡೆಯುತ್ತಲೇ ಇರುತ್ತಾನೆ. ಯಾವ ನಟನಾ ಶಾಲೆಯೂ ಆ ನಡಿಗೆಯನ್ನು ಕಲಿಸಲಾರದು.

ಇಷ್ಟೆಲ್ಲದರಲ್ಲಿ ಯಾವುದನ್ನು ಮೊದಲು ಇಡುತ್ತೀರಿ ಎಂದರೆ 2008ರ 'ಗುಲಾಬಿ ಟಾಕೀಸ್' ಎನ್ನುತ್ತೇನೆ. ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ಚಿತ್ರ. ಉಮಾಶ್ರೀ ಅದಕ್ಕೂ ಮುಂಚೆ ಎಷ್ಟೋ ಚಿತ್ರಗಳಲ್ಲಿ ಜೋರುಬಾಯಿಯ, ನಗಿಸುವ ಹೆಂಗಸಾಗಿ ಬಂದುಹೋಗಿದ್ದರು. ದೇವನೂರ ಮಹಾದೇವ ಅವರ 'ಒಡಲಾಳ'ದ ಸಾಕವ್ವನಾಗಿ ರಂಗದ ಮೇಲೆ ಅವರನ್ನು ಕಂಡವರಿಗೆ ಅವರ ಆಳ ಗೊತ್ತಿತ್ತು, ಸಿನಿಮಾದವರಿಗೆ ಅದು ಬೇಕಾಗಿರಲಿಲ್ಲ. ಕಾಸರವಳ್ಳಿ ಪಕ್ಕದಲ್ಲಿದ್ದ ಅವರನ್ನು ನಡುವಿಗೆ ಕರೆತಂದರು. ಕರಾವಳಿಯ ಮೀನುಗಾರರ ನಡುವೆ ಬದುಕುವ ಗುಲಾಬಿ ಸೂಲಗಿತ್ತಿ, ಗಂಡ ಬಿಟ್ಟ ಮುಸ್ಲಿಂ ಹೆಂಗಸು, ಸಿನಿಮಾ ಎಂದರೆ ಪ್ರಾಣ ಬಿಡುವವಳು. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳಿಗೊಂದು ಟಿ.ವಿ. ಸಿಗುತ್ತದೆ. ನೆರೆಯ ಹೆಂಗಸರು ಅವಳ ಮನೆಗೆ ಬಂದು ಕೂರುತ್ತಾರೆ, ಆ ಗುಡಿಸಲು ಟಾಕೀಸಾಗುತ್ತದೆ. ಹೊರಗೆ ಕಾರ್ಗಿಲ್ ಯುದ್ಧದ ಕಾಲ. ದ್ವೇಷ ಮೀನಿನ ದೋಣಿಗಳವರೆಗೂ ಬಂದು, ಕೊನೆಗೆ ಗುಲಾಬಿಯನ್ನು ಅವಳ ನೆಲದಿಂದಲೇ ಹೊರಡಿಸುತ್ತದೆ. ಪರದೆಯ ಬೆಳಕು ಬಿದ್ದ ಗುಲಾಬಿಯ ಮುಖವನ್ನು ನೋಡಿದಾಗ, ಸಿನಿಮಾ ನೋಡುವವಳ ಪಾತ್ರ ಮಾಡಲು ಜೀವನವಿಡೀ ಬದಿಯಲ್ಲಿ ನಿಂತು ನೋಡಿದವರೇ ಬೇಕಿತ್ತು ಎನ್ನಿಸಿತು. ಈ ಪಾತ್ರಕ್ಕೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಉಮಾಶ್ರೀಯವರಿಗೆ ಬಂತು. ಇನ್ನೂ ಎಷ್ಟು ಪೋಷಕ ನಟಿಯರು ಅಂಥದ್ದೊಂದು ಕರೆಗಾಗಿ ಕಾದು ಕಾದು ಹೋದರೋ ಎಂದು ನನಗೆ ಸಂಕಟವಾಗುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಟಿ.ವಿ.ಯಲ್ಲಿ 'ಬಂಗಾರದ ಮನುಷ್ಯ' ಬಂದಾಗ ದಯವಿಟ್ಟು ಪೂರ್ತಿ ನೋಡಿ. ರಾಜೀವ ಎಲ್ಲವನ್ನೂ ಬಿಟ್ಟು ಹೊರಡುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಈ ಸಲ ಅವನ ಅಕ್ಕನ ಪಾತ್ರದಲ್ಲಿರುವ ಆದವಾನಿ ಲಕ್ಷ್ಮೀದೇವಿಯವರನ್ನು ನೋಡಿ. ಮಕ್ಕಳಿಗೆ ಅವರ ಹೆಸರು ಹೇಳಿ.